ಕಳೆನಾಶಕ ವಂಶವಾಹಿಯನ್ನು ಕೆಡಿಸುತ್ತದೆಯೇ? ಇಲಿ, ಗೊದಮೊಟ್ಟೆಗಳ ಕೋಶದಲ್ಲಿ ನಡೆಯುವ ಹುಡುಕಾಟ

ಅಂಗಡಿಯಿಂದ ತಂದ ಕಳೆನಾಶಕದ ಕ್ಯಾನನ್ನು ತಿರುಗಿಸಿ ನೋಡಿದರೆ, ಮೂಲೆಯ ಮೇಲೆ ನಿಲ್ಲಿಸಿದಂತಿರುವ ಒಂದು ಚೌಕ ಕಾಣುತ್ತದೆ. ಅದರ ಕೆಳಗಿನ ಅರ್ಧಕ್ಕೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣವಿರುತ್ತದೆ. ಕೆಂಪು ಎಂದರೆ ಘೋರ ವಿಷ, ಹಸಿರು ಎಂದರೆ ಅಷ್ಟೇನೂ ಅಪಾಯವಿಲ್ಲ ಎಂದು ನಾವು ಓದಿಕೊಳ್ಳುತ್ತೇವೆ. ಆ ಬಣ್ಣ ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಎಷ್ಟು ಪ್ರಮಾಣ ಹೊಟ್ಟೆಗೆ ಅಥವಾ ಚರ್ಮಕ್ಕೆ ಹೋದರೆ ಪ್ರಾಣಿ ಬೇಗನೆ ಸಾಯುತ್ತದೆ? ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಕಿಲೋ ಒಂದಕ್ಕೆ 50 ಮಿಲಿಗ್ರಾಂನೊಳಗೆ ನುಂಗಿದರೆ ಸಾಕು ಎಂದಾದರೆ ಕೆಂಪು. 5,000 ಮಿಲಿಗ್ರಾಂ ದಾಟಬೇಕು ಎಂದಾದರೆ ಹಸಿರು.

ಸಾಯಿಸದೆಯೇ ಒಳಗಿನಿಂದ ಕೆಡಿಸುವ ವಸ್ತುಗಳೂ ಇವೆ. ಇವತ್ತು ಮೈಗೆ ತಾಗಿದ್ದು ಕೋಶದೊಳಗಿನ ವಂಶವಾಹಿಯನ್ನು ಮುರಿದು, ಅದರ ಫಲ ಹತ್ತಿಪ್ಪತ್ತು ವರ್ಷಗಳ ನಂತರ ಕ್ಯಾನ್ಸರ್ ಆಗಿ ಕಾಣಬಹುದು, ಇಲ್ಲವೇ ಹುಟ್ಟುವ ಮಗುವಿನಲ್ಲಿ ಕಾಣಬಹುದು. ಈ ಬಗೆಯ ಹಾನಿಯ ಬಗ್ಗೆ ಕ್ಯಾನಿನ ಬಣ್ಣ ಏನೂ ಹೇಳುವುದಿಲ್ಲ. ಅದನ್ನು ತಿಳಿಯಲು ಬೇರೆಯೇ ಪರೀಕ್ಷೆಗಳಿವೆ.

ಆ ಪರೀಕ್ಷೆಗಳ ಮಾತು ಈಗ ಮತ್ತೆ ಎದ್ದಿರುವುದಕ್ಕೆ ಕಾರಣವಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಕಳೆನಾಶಕ ಗ್ಲೈಫೋಸೇಟ್ ಮನುಷ್ಯರಿಗೆ ಅಪಾಯಕಾರಿಯಲ್ಲ ಎಂದು 2000ದಲ್ಲಿ ಪ್ರಕಟವಾಗಿ, ಮುಂದೆ ಅನೇಕರು ಆಧಾರವಾಗಿ ಉಲ್ಲೇಖಿಸಿದ ಒಂದು ವೈಜ್ಞಾನಿಕ ಪ್ರಬಂಧವನ್ನು ಅದನ್ನು ಅಚ್ಚು ಹಾಕಿದ ಪತ್ರಿಕೆಯೇ 2025ರ ಕೊನೆಯಲ್ಲಿ ಹಿಂದಕ್ಕೆ ಪಡೆಯಿತು. ಅದನ್ನು ಬರೆಯುವುದರಲ್ಲಿ ತಯಾರಕ ಕಂಪನಿಯ ಕೈವಾಡವಿತ್ತೇ ಎಂಬ ಅನುಮಾನ ಒಂದು ಕಾರಣ. ಕಂಪನಿಯ ಅಪ್ರಕಟಿತ ಪರೀಕ್ಷೆಗಳನ್ನೇ ಪ್ರಬಂಧ ನೆಚ್ಚಿಕೊಂಡಿತ್ತು ಎಂಬುದು ಇನ್ನೊಂದು. ಅಡಿಕೆ ತೋಟ, ಕಾಫಿ ಎಸ್ಟೇಟು, ಬದು, ಕಾಲುವೆ ದಂಡೆಗಳಲ್ಲಿ ಹುಲ್ಲಿನ ಔಷಧಿ ಹೊಡೆಯುವ ಯಾರಿಗಾದರೂ ಇದನ್ನು ಓದಿ ‘ಹಾಗಾದರೆ ನಿಜ ಯಾವುದು?’ ಎನಿಸುವುದು ಸಹಜ. ಉತ್ತರ ಹುಡುಕುವ ಮೊದಲು ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು.

ಹಾನಿ ಎಂದರೆ ಯಾವುದು?

ನಮ್ಮ ಬಹುಪಾಲು ಕೋಶಗಳ ನಡುವೆ ಕೋಶಕೇಂದ್ರವಿದೆ. ಅದರೊಳಗೆ ಡಿಎನ್‌ಎ ಎಂಬ ಅತಿ ಸಣ್ಣ ನೂಲು. ಒಂದು ಕೋಶದ ನೂಲನ್ನು ಬಿಚ್ಚಿ ಜೋಡಿಸಿದರೆ ಸುಮಾರು ಎರಡು ಮೀಟರ್ ಉದ್ದವಾಗುತ್ತದೆ. ಕೋಶ ಇಬ್ಭಾಗವಾಗುವ ಹೊತ್ತಿಗೆ ಈ ನೂಲು ಗಟ್ಟಿಯಾಗಿ ಸುತ್ತಿಕೊಂಡು ಲಡಿಗಳಾಗುತ್ತದೆ, ಇವೇ ವರ್ಣತಂತುಗಳು. ಮನುಷ್ಯನಿಗೆ 46, ಚಿಟ್ಟಿಲಿಗೆ 40, ದೊಡ್ಡ ಇಲಿಗೆ 42.

ನೂಲಿಗೆ ಏಟು ಬೀಳುವುದು ಮುಖ್ಯವಾಗಿ ಮೂರು ಬಗೆಯಲ್ಲಿ. ಡಿಎನ್‌ಎಯ ಮೇಲಿನ ಒಂದು ಅಕ್ಷರ ಬದಲಾಗಬಹುದು: ‘ಹಾಲು’ ಎಂಬುದು ‘ಹಾಳು’ ಆದರೆ ಅರ್ಥ ಹೇಗೆ ತಲೆಕೆಳಗಾಗುತ್ತದೋ ಹಾಗೆ. ನೂಲೇ ತುಂಡಾಗಬಹುದು. ಮೂರನೆಯದರಲ್ಲಿ ನೂಲಿಗೆ ಏನೂ ಆಗಿರುವುದಿಲ್ಲ, ಆದರೆ ಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಹಗ್ಗ ಕೆಟ್ಟು, ಒಂದು ಮರಿಕೋಶಕ್ಕೆ ಹೆಚ್ಚು ಹೋಗಿ ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಈ ಮೂರಕ್ಕೂ ಒಟ್ಟಾಗಿ ಹೇಳುವ ಹೆಸರು ವಂಶವಾಹಿ ವಿಷತ್ವ.

ನೂಲು ತುಂಡಾದ ಕೂಡಲೇ ಎಲ್ಲ ಮುಗಿಯಿತು ಎಂದಲ್ಲ. ಬಿಸಿಲು, ಹೊಗೆ, ನಮ್ಮದೇ ಉಸಿರಾಟದ ಉಪೋತ್ಪನ್ನಗಳಿಂದ ಕೋಶಗಳ ಡಿಎನ್‌ಎಗೆ ದಿನವೂ ಸಾವಿರಾರು ಸಣ್ಣ ಗಾಯಗಳಾಗುತ್ತವೆ. ಅವುಗಳಲ್ಲಿ ಬಹುಪಾಲನ್ನು ದುರಸ್ತಿ ಮಾಡುವ ಕಿಣ್ವಗಳು ಹೊಲಿದುಬಿಡುತ್ತವೆ. ಹೊಲಿಯಲಾಗದೆ ಉಳಿದದ್ದು, ತಪ್ಪಾಗಿ ಹೊಲಿದದ್ದು ಮಾತ್ರ ಮುಂದಿನ ಕೋಶಕ್ಕೆ ದಾಟುತ್ತದೆ. ಬೆಳಿಗ್ಗೆ ಹರಿದು ಸಂಜೆ ಸರಿಹೋದ ಗಾಯ ಬೇರೆ, ಉಳಿದುಹೋದ ಗಾಯ ಬೇರೆ. ಪರೀಕ್ಷೆಗಳ ಬಗೆಗಿನ ಅರ್ಧ ಗೊಂದಲ ಈ ವ್ಯತ್ಯಾಸವನ್ನು ಮರೆಯುವುದರಿಂದ ಹುಟ್ಟುತ್ತದೆ.

ಗಿಡ ಕೊಲ್ಲುವ ಔಷಧಿ ಪ್ರಾಣಿಗೇಕೆ ತಟ್ಟಬೇಕು?

ಒಳ್ಳೆಯ ಪ್ರಶ್ನೆ. ಗ್ಲೈಫೋಸೇಟ್ ತಡೆಯುವುದು ಗಿಡದ ಒಂದು ಕಿಣ್ವವನ್ನು. ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಲು ಗಿಡಕ್ಕೆ ಆ ಕಿಣ್ವ ಬೇಕೇಬೇಕು. ಪ್ರಾಣಿಗಳಲ್ಲಿ ಅದು ಇಲ್ಲ. ನಾವು ಆ ಅಮೈನೋ ಆಮ್ಲಗಳನ್ನು ಊಟದಿಂದ ಪಡೆಯುತ್ತೇವೆ. ಈ ಕಾರಣಕ್ಕೇ 1974ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಅದು ಮನುಷ್ಯರಿಗೆ ನಿರಪಾಯ ಎಂಬ ಮಾತು ಬೆಳೆಯಿತು.

ಇನ್ನೊಂದು ಉದಾಹರಣೆ ನೋಡಿ. ಈರುಳ್ಳಿ, ಶೇಂಗಾ ಹೊಲಗಳಲ್ಲಿ ಕಳೆ ಹುಟ್ಟುವ ಮುಂಚೆಯೇ ಹೊಡೆಯುವ ಪೆಂಡಿಮೆಥಾಲಿನ್ ಕೆಲಸ ಮಾಡುವುದು ಮೇಲೆ ಹೇಳಿದ ಹಗ್ಗದ ಮೇಲೆಯೇ. ಮೊಳಕೆಯ ಕೋಶದಲ್ಲಿ ವರ್ಣತಂತುಗಳನ್ನು ಎಳೆಯುವ ಹಗ್ಗ ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ, ಮೊಳಕೆ ಸಾಯುತ್ತದೆ. ಅಂಥದೇ ಹಗ್ಗ ನಮ್ಮ ಕೋಶದಲ್ಲೂ ಇದೆ. ಆದರೆ ಅದರ ಹುರಿಯಾಗುವ ಪ್ರೋಟೀನು ಗಿಡದ್ದಕ್ಕಿಂತ ಸ್ವಲ್ಪ ಬೇರೆ. ಈ ಗುಂಪಿನ ಕಳೆನಾಶಕಗಳು ಗಿಡದ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡಂತೆ ಪ್ರಾಣಿಯ ಪ್ರೋಟೀನಿಗೆ ಅಂಟುವುದಿಲ್ಲ. ಇದಕ್ಕೆ ತದ್ವಿರುದ್ಧ ಕಾಲ್ಚಿಸಿನ್. ಅಗ್ನಿಶಿಖೆಯ ಗಡ್ಡೆಯಲ್ಲಿ, ಬೀಜದಲ್ಲಿ ಇರುವ ಈ ವಿಷ ಪ್ರಾಣಿಯ ಕೋಶದ ಹಗ್ಗವನ್ನು ಕೂಡಲೇ ಕಟ್ಟಿಹಾಕುತ್ತದೆ. ಪ್ರಯೋಗಾಲಯದಲ್ಲಿ ಇದೇ ಗುಣವನ್ನು ಬಳಸಿಕೊಳ್ಳುತ್ತಾರೆ: ಒಡೆಯುತ್ತಿರುವ ಕೋಶವನ್ನು ಕಾಲ್ಚಿಸಿನ್ ಕೊಟ್ಟು ನಡುದಾರಿಯಲ್ಲಿ ನಿಲ್ಲಿಸಿ, ವರ್ಣತಂತುಗಳನ್ನು ಗಾಜಿನ ಮೇಲೆ ಹರಡಿ, ಮುರಿದದ್ದೆಷ್ಟು ಎಂದು ಒಂದೊಂದಾಗಿ ಎಣಿಸುತ್ತಾರೆ.

ಹಾಗಾದರೆ ಗುರಿ ಗಿಡವೇ ಆಗಿರುವಾಗ ಪ್ರಾಣಿಗಳಲ್ಲಿ ಪರೀಕ್ಷೆ ಏಕೆ? ಔಷಧಿಗೆ ಗುರಿಯ ಹೊರಗೂ ಪರಿಣಾಮಗಳಿರಬಹುದು. ಕೋಶದಲ್ಲಿ ಆಮ್ಲಜನಕದ ಚುರುಕಾದ ಕಣಗಳು ಹೆಚ್ಚಿ ಅವು ಡಿಎನ್‌ಎಯನ್ನು ಸುಡಬಹುದು. ಪಿತ್ತಜನಕಾಂಗದಲ್ಲಿ ಒಡೆದಾಗ ಹುಟ್ಟುವ ವಸ್ತು ಮೂಲವಸ್ತುವಿಗಿಂತ ಕೆಟ್ಟದ್ದಾಗಿರಬಹುದು. ತಯಾರಿಕೆಯಲ್ಲಿ ಕಲ್ಮಶ ಸೇರಿರಬಹುದು. ಕ್ಯಾನಿನಲ್ಲಿ ಔಷಧಿ ಒಂಟಿಯಾಗಿಯೂ ಇರುವುದಿಲ್ಲ: ಎಲೆಗೆ ಅಂಟಿಕೊಳ್ಳಲಿ, ಒಳಕ್ಕೆ ಇಳಿಯಲಿ ಎಂದು ಸೋಪಿನಂಥ ಸಹಾಯಕ ದ್ರವ್ಯಗಳನ್ನು ಬೆರೆಸಿರುತ್ತಾರೆ. ಕೊನೆಯ ಈ ಸಂಗತಿಗೆ ಮತ್ತೆ ಬರೋಣ.

ಮೊದಲ ಜರಡಿ ಸೂಕ್ಷ್ಮಾಣುಗಳದ್ದು

ಪ್ರಾಣಿಯನ್ನು ಮುಟ್ಟುವ ಮುಂಚೆ ಬ್ಯಾಕ್ಟೀರಿಯಾದಲ್ಲಿ ಪರೀಕ್ಷಿಸುತ್ತಾರೆ. ಅಮೆರಿಕದ ಬರ್ಕ್ಲಿಯ ವಿಜ್ಞಾನಿ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದ, ವಂಶವಾಹಿಯಲ್ಲಿ ಮೊದಲೇ ದೋಷವಿರುವ ಸಾಲ್ಮೊನೆಲ್ಲ ತಳಿಯನ್ನು ತೆಗೆದುಕೊಂಡು, ಹಿಸ್ಟಿಡಿನ್ ಹೆಚ್ಚುಕಡಿಮೆ ಇಲ್ಲದ ತಟ್ಟೆಯಲ್ಲಿ ಬಿತ್ತುತ್ತಾರೆ. ಅವು ಬೆಳೆಯಬಾರದು. ಪರೀಕ್ಷೆಯ ವಸ್ತು ಹಾಕಿದ ಮೇಲೆ ಅಲ್ಲಲ್ಲಿ ಚುಕ್ಕೆಗಳಂತೆ ವಸಾಹತುಗಳು ಹೆಚ್ಚಾಗಿ ಎದ್ದರೆ, ಆ ವಸ್ತು ಅಕ್ಷರಗಳನ್ನು ಬದಲಿಸುತ್ತಿದೆ ಎಂದು ಅರ್ಥ: ಬದಲಾವಣೆಯಿಂದಲೇ ಕೆಲವು ಬ್ಯಾಕ್ಟೀರಿಯಾ ಕಳೆದುಹೋದ ಶಕ್ತಿಯನ್ನು ಮರಳಿ ಪಡೆದಿವೆ. ಬ್ಯಾಕ್ಟೀರಿಯಾಕ್ಕೆ ಪಿತ್ತಜನಕಾಂಗವಿಲ್ಲವಲ್ಲ, ಅದಕ್ಕಾಗಿ ಇಲಿಯ ಪಿತ್ತಜನಕಾಂಗದ ಸಾರವನ್ನೂ ಬೆರೆಸಿ ಇನ್ನೊಮ್ಮೆ ನೋಡುತ್ತಾರೆ.

ಎರಡೇ ದಿನಗಳಲ್ಲಿ ಉತ್ತರ ಸಿಗುವ, ಅಗ್ಗದ ಜರಡಿ ಇದು. ಆದರೆ ವರ್ಣತಂತು ತುಂಡಾಗುವುದನ್ನು, ಹಗ್ಗ ಕೆಡುವುದನ್ನು ಇದು ಹಿಡಿಯುವುದಿಲ್ಲ. ಬ್ಯಾಕ್ಟೀರಿಯಾದಲ್ಲಿ ನಮ್ಮಂಥ ವರ್ಣತಂತುಗಳೂ ಇಲ್ಲ, ಆ ಹಗ್ಗವೂ ಇಲ್ಲ. ಅದಕ್ಕೇ ಮುಂದಿನ ಹಂತ.

ಕಣದಲ್ಲಿ ಉಳಿದುಹೋದ ಚೀಲ

ಸುಗ್ಗಿಯ ಕಣದಿಂದ ಎರಡು ಗಾಡಿಗಳಿಗೆ ಸಮನಾಗಿ ಚೀಲ ಹೇರುತ್ತಿದ್ದೇವೆ ಎಂದುಕೊಳ್ಳಿ. ಪ್ರತಿ ಚೀಲಕ್ಕೂ ಹಿಡಿದೆಳೆಯಲು ಒಂದು ಕಿವಿಯಿದೆ. ಚೀಲ ಹರಿದು ಎರಡಾದರೆ ಕಿವಿಯಿಲ್ಲದ ತುಂಡನ್ನು ಯಾರೂ ಎಳೆಯಲಾರರು. ಅದು ಕಣದಲ್ಲೇ ಉಳಿಯುತ್ತದೆ. ಎಳೆಯುವ ಹಗ್ಗ ಕೆಟ್ಟರೆ ಇಡೀ ಚೀಲವೇ ಉಳಿಯುತ್ತದೆ. ಕೋಶ ಇಬ್ಭಾಗವಾಗುವಾಗಲೂ ಹೀಗೆಯೇ. ಹಿಂದುಳಿದ ತುಂಡು ಕೋಶಕೇಂದ್ರದ ಜೊತೆ ಸೇರಿಕೊಳ್ಳಲಾಗದೆ, ತನ್ನ ಸುತ್ತ ಪುಟ್ಟ ಪೊರೆ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತುಬಿಡುತ್ತದೆ. ಇದೇ ಕಿರುಕೇಂದ್ರ. ಇದನ್ನು ಎಣಿಸುವ ಪರೀಕ್ಷೆಯೇ ಇಂದು ಜಗತ್ತಿನಾದ್ಯಂತ ಪ್ರಾಣಿಗಳ ಮೇಲೆ ನಡೆಯುವ ವಂಶವಾಹಿ ಪರೀಕ್ಷೆಗಳಲ್ಲಿ ಮುಖ್ಯವಾದದ್ದು.

ಎಣಿಸುವುದು ಇಲಿಯ ಮೂಳೆಯೊಳಗಿನ ಮಜ್ಜೆಯಲ್ಲಿ, ಎಳೆಯ ಕೆಂಪು ರಕ್ತಕಣಗಳಲ್ಲಿ. ಅಲ್ಲೇ ಏಕೆ ಎಂಬುದಕ್ಕೆ ಸುಂದರವಾದ ಕಾರಣವಿದೆ. ಸ್ತನಿಗಳ ಕೆಂಪು ಕಣ ಬಲಿಯುವ ಮುಂಚೆ ತನ್ನ ಕೋಶಕೇಂದ್ರವನ್ನು ಹೊರಕ್ಕೆ ತಳ್ಳಿಬಿಡುತ್ತದೆ. ದೊಡ್ಡ ಕೇಂದ್ರ ಹೋಯಿತು. ಪಕ್ಕದಲ್ಲಿ ಕಿರುಕೇಂದ್ರ ಇದ್ದರೆ ಅದು ಮಾತ್ರ ಒಳಗೇ ಉಳಿಯುತ್ತದೆ. ಗುಡಿಸಿದ ಖಾಲಿ ಅಂಗಳದಲ್ಲಿ ಬಿದ್ದ ಒಂದು ಅಡಿಕೆಯಂತೆ ಸೂಕ್ಷ್ಮದರ್ಶಕದಲ್ಲಿ ಅದು ಥಟ್ಟನೆ ಕಾಣುತ್ತದೆ. ಮಲೇರಿಯಾ ಪತ್ತೆಗೆ ಬಳಸುವ ಗೀಮ್ಸಾ ಬಣ್ಣವನ್ನೇ ಹಾಕಿದರೆ ಎಳೆಯ ಕಣ ನೀಲಿಯಾಗಿ, ಬಲಿತ ಕಣ ಗುಲಾಬಿಯಾಗಿ, ಕಿರುಕೇಂದ್ರ ಕಡುನೇರಳೆಯ ಗುಂಡು ಚುಕ್ಕೆಯಾಗಿ ತೋರುತ್ತದೆ. ಡಿಎನ್‌ಎಯನ್ನು ಮಾತ್ರ ಹೊಳೆಯಿಸುವ ಬಣ್ಣಗಳೂ ಇವೆ; ಕಸವನ್ನು ಕಿರುಕೇಂದ್ರವೆಂದು ತಪ್ಪಾಗಿ ಎಣಿಸದಿರಲು ಅವು ಒಳ್ಳೆಯವು.

ಪ್ಯಾರಿಸ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಇಂಥ ಪರೀಕ್ಷೆಗಳಿಗೆಲ್ಲ ನಿಯಮ ಬರೆದಿದೆ. ಕಿರುಕೇಂದ್ರ ಪರೀಕ್ಷೆಯದು 474ನೆಯ ಮಾರ್ಗಸೂಚಿ. ಪ್ರತಿ ಗುಂಪಿನಲ್ಲಿ ಕನಿಷ್ಠ ಐದು ಪ್ರಾಣಿಗಳಿರಬೇಕು, ಮೂರು ಬೇರೆ ಬೇರೆ ಪ್ರಮಾಣಗಳಲ್ಲಿ ಔಷಧಿ ಕೊಡಬೇಕು. ಏನೂ ಕೊಡದ ಒಂದು ಗುಂಪು ಇರಬೇಕು. ಹಾನಿ ಮಾಡುವುದು ಖಚಿತವಾಗಿ ಗೊತ್ತಿರುವ ವಸ್ತುವನ್ನು, ಉದಾಹರಣೆಗೆ ಕ್ಯಾನ್ಸರ್ ಚಿಕಿತ್ಸೆಯ ಸೈಕ್ಲೋಫಾಸ್ಫಮೈಡ್ ಅನ್ನು, ಕೊಟ್ಟ ಇನ್ನೊಂದು ಗುಂಪೂ ಇರಬೇಕು. ಈ ಗುಂಪಿನಲ್ಲೂ ಹಾನಿ ಕಾಣದಿದ್ದರೆ ತಪ್ಪಿರುವುದು ಪರೀಕ್ಷೆಯಲ್ಲೇ ಎಂದು ತಿಳಿಯುತ್ತದೆ. ಒಂದೊಂದು ಪ್ರಾಣಿಯಿಂದಲೂ ಕನಿಷ್ಠ 4,000 ಎಳೆಯ ಕಣಗಳನ್ನು ನೋಡಬೇಕು. ಯಾವ ಗಾಜು ಯಾವ ಗುಂಪಿನದು ಎಂದು ಎಣಿಸುವವರಿಗೆ ಗೊತ್ತಿರಬಾರದು. ಸಂಕೇತ ಸಂಖ್ಯೆ ಮಾತ್ರ ಇರುತ್ತದೆ.

ಅಷ್ಟು ಕಣಗಳನ್ನು ಏಕೆ ನೋಡಬೇಕೆಂದರೆ, ಏನೂ ತಾಗದ ಆರೋಗ್ಯವಂತ ಇಲಿಯಲ್ಲೂ ಸಾವಿರಕ್ಕೆ ಒಂದೆರಡು ಕಣಗಳಲ್ಲಿ ಕಿರುಕೇಂದ್ರ ಇದ್ದೇ ಇರುತ್ತದೆ. ನೂರು ಕಣ ನೋಡಿದರೆ ಒಂದೂ ಸಿಗದಿರಬಹುದು, ಎರಡು ಸಿಕ್ಕರೆ ಭಯ ಹುಟ್ಟಬಹುದು, ಎರಡೂ ಆಕಸ್ಮಿಕ. ಪ್ರಮಾಣ ಹೆಚ್ಚಿದಂತೆ ಸಂಖ್ಯೆಯೂ ಏರುತ್ತ ಹೋಗಿದೆಯೇ, ಆ ಪ್ರಯೋಗಾಲಯದಲ್ಲಿ ಹಿಂದಿನ ವರ್ಷಗಳಲ್ಲಿ ಔಷಧಿಯಿಲ್ಲದ ಇಲಿಗಳಲ್ಲಿ ಕಂಡ ಸಂಖ್ಯೆಯನ್ನು ಅದು ದಾಟಿದೆಯೇ ಎಂದು ನೋಡಿಯೇ ತೀರ್ಮಾನಿಸುತ್ತಾರೆ.

‘ಹಾನಿ ಕಂಡಿಲ್ಲ’ ಎಂಬ ಉತ್ತರ ಬಂದಾಗ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಔಷಧಿ ಮಜ್ಜೆಯನ್ನು ತಲುಪಿತ್ತೇ? ಕರುಳಿನಿಂದಲೇ ಹೊರಗೆ ಹೋದ ವಸ್ತು ಮಜ್ಜೆಯಲ್ಲಿ ಏನೂ ಮಾಡಿರುವುದಿಲ್ಲ, ಆದರೆ ಕರುಳಿನಲ್ಲಿ ಮಾಡಿರಬಹುದು. ಅದಕ್ಕಾಗಿ ರಕ್ತದಲ್ಲಿ ವಸ್ತುವಿನ ಪ್ರಮಾಣ ಅಳೆಯುತ್ತಾರೆ, ಇಲ್ಲವೇ ಮಜ್ಜೆಯಲ್ಲಿ ಎಳೆಯ ಕಣಗಳ ಪಾಲು ಕುಸಿದಿದೆಯೇ ಎಂದು ನೋಡುತ್ತಾರೆ. ಈ ಪುರಾವೆಯಿಲ್ಲದ ‘ಹಾನಿಯಿಲ್ಲ’ ಎಂಬ ವರದಿಗೆ ಹೆಚ್ಚು ಬೆಲೆ ಕೊಡಲಾಗದು.

ಬಾಲ ಬಿಡುವ ಕೋಶ

ಎರಡನೆಯ ಮುಖ್ಯ ಪರೀಕ್ಷೆ ಕಾಮೆಟ್, ಅಂದರೆ ಧೂಮಕೇತು. ಒಂದೊಂದು ಕೋಶವನ್ನೂ ಗಾಜಿನ ಮೇಲಿನ ತೆಳುವಾದ ಅಗರ್ ಪದರದಲ್ಲಿ ಹುದುಗಿಸಿ, ಹೊರಪೊರೆಯನ್ನು ಕರಗಿಸಿ, ಕ್ಷಾರದ ದ್ರಾವಣದಲ್ಲಿಟ್ಟು ವಿದ್ಯುತ್ ಹಾಯಿಸುತ್ತಾರೆ. ಹರಿಯುವ ತೋಡಿನಲ್ಲಿ ನೂಲಿನ ಉಂಡೆಯನ್ನು ಗೂಟಕ್ಕೆ ಕಟ್ಟಿದರೆ, ನೂಲು ಅಖಂಡವಾಗಿದ್ದಷ್ಟೂ ಉಂಡೆ ಉಂಡೆಯಾಗಿಯೇ ಇರುತ್ತದೆ. ತುಂಡಾದ ಎಳೆಗಳು ಮಾತ್ರ ನೀರಿನ ಜೊತೆ ಸಾಗಿ ಬಾಲವಾಗುತ್ತವೆ. ಡಿಎನ್‌ಎಯೂ ಹಾಗೆಯೇ. ಬಾಲದಲ್ಲಿ ಎಷ್ಟು ಪಾಲು ಡಿಎನ್‌ಎ ಇದೆಯೋ ಅದೇ ಹಾನಿಯ ಅಳತೆ. ಸ್ವೀಡನ್‌ನಲ್ಲಿ 1984ರಲ್ಲಿ ಹುಟ್ಟಿದ ಈ ವಿಧಾನಕ್ಕೆ ಇಂದು ಎಲ್ಲರೂ ಬಳಸುವ ಕ್ಷಾರದ ರೂಪ ಕೊಟ್ಟವರು 1988ರಲ್ಲಿ ನರೇಂದ್ರ ಪಿ. ಸಿಂಗ್ ಮತ್ತು ಅಮೆರಿಕದಲ್ಲಿದ್ದ ಅವರ ಸಹೋದ್ಯೋಗಿಗಳು.

ಕಾಮೆಟ್ ಪರೀಕ್ಷೆಗೆ ಕೋಶ ಒಡೆಯುತ್ತಿರಬೇಕೆಂದಿಲ್ಲ. ಪಿತ್ತಜನಕಾಂಗ, ಮೂತ್ರಪಿಂಡ, ಕರುಳು, ಮೀನಿನ ಕಿವಿರು, ಯಾವುದರ ಕೋಶವಾದರೂ ಆದೀತು. ಹೀಗಾಗಿ ಹೊಲದ ಸುತ್ತಲಿನ ಜೀವಿಗಳ ಮೇಲೆ ಕಳೆನಾಶಕದ ಪರಿಣಾಮ ತಿಳಿಯಲು ಇದು ಹೇಳಿ ಮಾಡಿಸಿದ ಉಪಾಯ. ಕೆನಡಾದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಬುಲ್‌ಫ್ರಾಗ್ ಕಪ್ಪೆಯ ಗೊದಮೊಟ್ಟೆಗಳನ್ನು ಐದು ಬಗೆಯ ಮಾರುಕಟ್ಟೆ ಕಳೆನಾಶಕಗಳ ನೀರಿನಲ್ಲಿ ಬಿಟ್ಟು, ಅವುಗಳ ರಕ್ತಕಣಗಳನ್ನು ಕಾಮೆಟ್‌ಗೆ ಒಡ್ಡಿದರು. ಕಪ್ಪೆ, ಮೀನುಗಳ ಕೆಂಪು ಕಣದಲ್ಲಿ ಕೋಶಕೇಂದ್ರ ಕೊನೆಯವರೆಗೂ ಇರುವುದರಿಂದ ಒಂದು ಹನಿ ರಕ್ತ ಸಾಕು. ಅಟ್ರಾಜಿನ್, ಮೆಟೊಲಾಕ್ಲೋರ್, ಗ್ಲೈಫೋಸೇಟ್, ಮೆಟ್ರಿಬ್ಯುಜಿನ್ ಇದ್ದ ನಾಲ್ಕು ಉತ್ಪನ್ನಗಳಲ್ಲಿ ಡಿಎನ್‌ಎ ಬಾಲ ಉದ್ದವಾಯಿತು. 2,4-ಡಿ ಇದ್ದ ಐದನೆಯದರಲ್ಲಿ ಆಗಲಿಲ್ಲ.

ನಮ್ಮ ಭತ್ತದ ಗದ್ದೆಗಳಲ್ಲಿ ಮುಂಗಾರಿನ ಮೊದಲ ನೀರು ನಿಲ್ಲುವುದೂ, ಕಪ್ಪೆ ಮೊಟ್ಟೆಯಿಡುವುದೂ, ಕಳೆನಾಶಕ ಹೊಡೆಯುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಹಾಗಾಗಿ ಈ ಪುಟ್ಟ ಜೀವಿಗಳ ಫಲಿತಾಂಶ ನನ್ನ ಮನಸ್ಸನ್ನು ಬಹಳ ತಟ್ಟಿತು. ಆದರೂ ಹೇಳಬೇಕಾದದ್ದನ್ನು ಹೇಳಬೇಕು: ಪ್ರಯೋಗದಲ್ಲಿ ನೀರಿಗೆ ಹಾಕಿದ್ದು ಲೀಟರಿಗೆ ಮಿಲಿಗ್ರಾಂಗಳ ಲೆಕ್ಕದಲ್ಲಿ. ಕೆರೆ, ಹಳ್ಳಗಳಲ್ಲಿ ಸಾಮಾನ್ಯವಾಗಿ ಸಿಗುವ ಕಳೆನಾಶಕ ಅದಕ್ಕಿಂತ ಬಹಳ ಕಡಿಮೆ. ಆಗತಾನೆ ಸಿಂಪಡಿಸಿದ ಗದ್ದೆಯ ಗುಂಡಿಯಲ್ಲಿ ಮಾತ್ರ ಹೆಚ್ಚಿರುವ ಸಾಧ್ಯತೆಯಿದೆ.

ಕಾಮೆಟ್‌ಗೆ ಮಾದರಿ ತೆಗೆಯುವುದು ಕೊನೆಯ ಬಾರಿ ಔಷಧಿ ಕೊಟ್ಟ ಎರಡರಿಂದ ಆರು ಗಂಟೆಗಳೊಳಗೆ. ಕಿರುಕೇಂದ್ರಕ್ಕಾದರೆ ಒಂದು ದಿನ, ಎರಡು ದಿನ ಕಾಯುತ್ತಾರೆ. ಕಾಮೆಟ್ ಹಿಡಿಯುವುದು ಈಗಷ್ಟೇ ಆದ, ಇನ್ನೂ ಹೊಲಿಯಬಹುದಾದ ಗಾಯವನ್ನು. ಕಿರುಕೇಂದ್ರ ತೋರಿಸುವುದು ಹೊಲಿಯದೆ ಉಳಿದುಹೋದದ್ದನ್ನು. ಆದ್ದರಿಂದ ಒಂದರಲ್ಲಿ ಹಾನಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಯಾರೋ ಸುಳ್ಳು ಹೇಳಿದ್ದಾರೆ ಎಂದು ಭಾವಿಸಬೇಕಿಲ್ಲ.

ಒಂದೇ ವಸ್ತು, ಎರಡು ಉತ್ತರ

ಫ್ರಾನ್ಸ್‌ನ ಲಿಯೋನ್ ನಗರದಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಮಾರ್ಚ್‌ನಲ್ಲಿ ಗ್ಲೈಫೋಸೇಟ್ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ಘೋಷಿಸಿತು. ವಂಶವಾಹಿ ಹಾನಿಗೆ ಬಲವಾದ ಪುರಾವೆಯಿದೆ ಎಂದೂ ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ವಂಶವಾಹಿಗೆ ಹಾನಿ ಮಾಡುವ ಸಾಧ್ಯತೆಯಿಲ್ಲ ಎಂದಿತು. ಎರಡೂ ಕಡೆ ಕುಳಿತವರು ತಜ್ಞರೇ. ಹೀಗಾದದ್ದು ಹೇಗೆ?

ಇಬ್ಬರೂ ಓದಿದ ಕಾಗದಗಳೇ ಬೇರೆ ಬೇರೆ. ನೋಂದಣಿಗಾಗಿ ಕಂಪನಿಗಳು ತಾವೇ ಹಣ ಕೊಟ್ಟು ಮಾಡಿಸಿದ, ಮೇಲೆ ಹೇಳಿದ ನಿಯಮಗಳಂತೆ ನಡೆದ, ಆದರೆ ಪತ್ರಿಕೆಗಳಲ್ಲಿ ಅಚ್ಚಾಗದ ಪರೀಕ್ಷೆಗಳು ನಿಯಂತ್ರಣ ಸಂಸ್ಥೆಗಳ ಮುಖ್ಯ ಆಧಾರ. ಕ್ಯಾನ್ಸರ್ ಸಂಸ್ಥೆ ನೆಚ್ಚಿಕೊಂಡದ್ದು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಪ್ರಕಟಿತ ಅಧ್ಯಯನಗಳನ್ನು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ದಾಖಲೆಗಳನ್ನು ಕ್ಯಾನ್ಸರ್ ಸಂಸ್ಥೆಯ ವರದಿಯ ಪಕ್ಕದಲ್ಲಿಟ್ಟು ಅಮೆರಿಕದ ಕೃಷಿ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಬೆನ್‌ಬ್ರೂಕ್ 2019ರಲ್ಲಿ ಎಣಿಸಿದರು: ಕಂಪನಿಗಳು ಮಾಡಿಸಿದ ಪರೀಕ್ಷೆಗಳಲ್ಲಿ ಶೇ 99ರಲ್ಲಿ ಹಾನಿ ಕಂಡಿರಲಿಲ್ಲ, ಕ್ಯಾನ್ಸರ್ ಸಂಸ್ಥೆ ನೋಡಿದ ಪ್ರಕಟಿತ ಅಧ್ಯಯನಗಳಲ್ಲಿ ಶೇ 70ರಲ್ಲಿ ಕಂಡಿತ್ತು. ಬೆನ್‌ಬ್ರೂಕ್ ಗ್ಲೈಫೋಸೇಟ್ ತಯಾರಕ ಕಂಪನಿಯ ವಿರುದ್ಧ ದಾವೆ ಹೂಡಿದವರ ಪರವಾಗಿ ಪರಿಣತ ಸಾಕ್ಷಿಯಾಗಿದ್ದವರು ಎಂಬುದನ್ನೂ ಓದುಗರು ತಿಳಿದಿರಬೇಕು.

ಇಲ್ಲಿ ಕಂಪನಿಯ ಪರೀಕ್ಷೆಯೆಲ್ಲ ಮೋಸ, ವಿಶ್ವವಿದ್ಯಾಲಯದ್ದೆಲ್ಲ ಸತ್ಯ ಎಂದು ಹಾರಿಬಿಡುವುದು ಸುಲಭ. ವಿಷಯ ಅಷ್ಟು ಸರಳವಲ್ಲ. ಹಾನಿ ಕಂಡ ಅಧ್ಯಯನ ಅಚ್ಚಾಗುವುದು ಸುಲಭ, ಏನೂ ಕಾಣದ್ದು ಕಪಾಟಿನಲ್ಲೇ ಉಳಿಯುತ್ತದೆ. ಇನ್ನೂ ಮುಖ್ಯವಾದ ವ್ಯತ್ಯಾಸ ಪರೀಕ್ಷೆಗೆ ಇಟ್ಟ ವಸ್ತುವಿನದು. ನೋಂದಣಿಯ ಪರೀಕ್ಷೆಗಳಲ್ಲಿ ಹೆಚ್ಚಿನವು ಶುದ್ಧ ಗ್ಲೈಫೋಸೇಟ್ ಮೇಲೆ ನಡೆದವು. ಪ್ರಕಟಿತ ಅಧ್ಯಯನಗಳಲ್ಲಿ ಅನೇಕವು ಕ್ಯಾನಿನಲ್ಲಿ ಸಿಗುವ ಮಿಶ್ರಣದ ಮೇಲೆ. ಡೆನ್ಮಾರ್ಕ್‌ನವರು 1993ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಈರುಳ್ಳಿಯ ಬೇರಿನ ವರ್ಣತಂತುಗಳನ್ನು ಮುರಿದದ್ದು ರೌಂಡಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಸಿಗುವ ಗ್ಲೈಫೋಸೇಟ್ ಮಿಶ್ರಣ. ಗ್ಲೈಫೋಸೇಟ್‌ನ ಲವಣ ಒಂದೇ ಇದ್ದಾಗ ಹಾನಿ ಕಾಣಲಿಲ್ಲ. ಅದೇ ಅಧ್ಯಯನದಲ್ಲಿ ಚಿಟ್ಟಿಲಿಯ ಮಜ್ಜೆಯಲ್ಲಿ ಕಿರುಕೇಂದ್ರಗಳು ಹೆಚ್ಚಲಿಲ್ಲ. ಎಲೆಗೆ ಅಂಟಿಸುವ ಸಹಾಯಕ ದ್ರವ್ಯವೇ ಕೋಶಗಳಿಗೆ ಕಟುವಾಗಿದೆ ಎಂಬ ಪುರಾವೆ ಸೇರುತ್ತ ಬಂದು, ಹಳೆಯ ಮಿಶ್ರಣಗಳಲ್ಲಿದ್ದ ದನದ ಕೊಬ್ಬಿನಿಂದ ಮಾಡಿದ ಅಂಥ ಒಂದು ದ್ರವ್ಯವನ್ನು ಗ್ಲೈಫೋಸೇಟ್ ಜೊತೆ ಬೆರೆಸದಂತೆ ಯುರೋಪಿಯನ್ ಒಕ್ಕೂಟ 2016ರಲ್ಲಿ ತಡೆಯಿತು. ರೈತ ಶುದ್ಧ ಗ್ಲೈಫೋಸೇಟ್ ಹೊಡೆಯುವುದಿಲ್ಲ, ಮಿಶ್ರಣ ಹೊಡೆಯುತ್ತಾನೆ. ಹಾಗಿರುವಾಗ ಮಿಶ್ರಣದ ಪರೀಕ್ಷೆಗೆ ಹೆಚ್ಚು ತೂಕ ಸಲ್ಲಬೇಕು ಎಂದು ನನಗೆ ಅನಿಸುತ್ತದೆ.

ಮೂರನೆಯ ವ್ಯತ್ಯಾಸ ಕೊಟ್ಟ ದಾರಿ ಮತ್ತು ಪ್ರಮಾಣದ್ದು. ಇಟಲಿಯ ಸಂಶೋಧಕರು 1997ರಲ್ಲಿ ಚಿಟ್ಟಿಲಿಗಳ ಹೊಟ್ಟೆಯ ಗೂಡಿಗೆ ಕಿಲೋಗೆ 300 ಮಿಲಿಗ್ರಾಂ ಗ್ಲೈಫೋಸೇಟ್ ಚುಚ್ಚಿದಾಗ ಪಿತ್ತಜನಕಾಂಗ, ಮೂತ್ರಪಿಂಡಗಳ ಡಿಎನ್‌ಎ ತುಂಡಾದದ್ದು ಕೆಲವೇ ಗಂಟೆಗಳಲ್ಲಿ ಕಂಡಿತು. 24 ಗಂಟೆಗಳ ಹೊತ್ತಿಗೆ ಅದು ಸಹಜ ಮಟ್ಟಕ್ಕೆ ಮರಳಿತ್ತು. 60 ಕಿಲೋ ತೂಕದ ಮನುಷ್ಯನಿಗೆ ಲೆಕ್ಕ ಹಾಕಿದರೆ ಅದು 18 ಗ್ರಾಂ. ಯುರೋಪಿನ ಪ್ರಾಧಿಕಾರ 2015ರಲ್ಲಿ ದಿನವೊಂದಕ್ಕೆ ಆಹಾರದಲ್ಲಿ ಹೋಗಬಹುದು ಎಂದು ಒಪ್ಪಿದ ಮಿತಿ ಕಿಲೋಗೆ ಅರ್ಧ ಮಿಲಿಗ್ರಾಂ, ಅಂದರೆ ಅದೇ ಮನುಷ್ಯನಿಗೆ 30 ಮಿಲಿಗ್ರಾಂ. ನಡುವಿನ ಅಂತರ ಆರುನೂರು ಪಟ್ಟು.

ಕೊನೆಯದಾಗಿ, ಎರಡೂ ಸಂಸ್ಥೆಗಳು ಕೇಳಿಕೊಂಡ ಪ್ರಶ್ನೆಯೇ ಒಂದಲ್ಲ. ತೋಟದಲ್ಲಿ ಕಟ್ಟೆಯಿಲ್ಲದ ಬಾವಿಯಿದೆ. ಬಿದ್ದರೆ ಮುಳುಗುವಷ್ಟು ನೀರಿದೆಯೇ ಎಂದು ಒಬ್ಬರು ಇಣುಕಿ ನೋಡುತ್ತಾರೆ. ಇದು ಕ್ಯಾನ್ಸರ್ ಸಂಸ್ಥೆಯ ಕೆಲಸ. ದಾರಿ ಎಲ್ಲಿದೆ, ದಿನಕ್ಕೆ ಎಷ್ಟು ಜನ ಓಡಾಡುತ್ತಾರೆ, ಬೀಳುವ ಸಂಭವ ಎಷ್ಟು ಎಂದು ಇನ್ನೊಬ್ಬರು ಲೆಕ್ಕ ಹಾಕುತ್ತಾರೆ; ಇದು ನಿಯಂತ್ರಣ ಸಂಸ್ಥೆಯ ಕೆಲಸ. ಯುರೋಪಿಯನ್ ಒಕ್ಕೂಟ 2023ರ ನವೆಂಬರ್‌ನಲ್ಲಿ ಗ್ಲೈಫೋಸೇಟ್ ಅನುಮತಿಯನ್ನು ಇನ್ನೂ ಹತ್ತು ವರ್ಷ ವಿಸ್ತರಿಸಿತು. ಭಾರತ ಸರ್ಕಾರ 2022ರ ಅಕ್ಟೋಬರ್‌ನ ಅಧಿಸೂಚನೆಯಲ್ಲಿ, ಕೀಟ ನಿಯಂತ್ರಣದ ಪರವಾನಗಿ ಪಡೆದವರ ಮೂಲಕವಲ್ಲದೆ ಬೇರೆಯವರು ಗ್ಲೈಫೋಸೇಟ್ ಬಳಸಬಾರದು ಎಂದಿತು.

ಔಷಧಿ ಹೊಡೆಯುವವರ ಕೆನ್ನೆಯಿಂದ

ಇಲಿಯಿಂದ ಮನುಷ್ಯನಿಗೆ ಬರೋಣ. ಯಾರ ಮೈಗೂ ಬೇಕೆಂದೇ ಕಳೆನಾಶಕ ಕೊಟ್ಟು ನೋಡುವಂತಿಲ್ಲ. ಈಗಾಗಲೇ ಸಿಂಪಡಿಸುತ್ತಿರುವವರನ್ನು, ಸಿಂಪಡಣೆಯ ಪ್ರದೇಶದಲ್ಲಿ ವಾಸಿಸುವವರನ್ನು ಪರೀಕ್ಷಿಸಬಹುದು ಅಷ್ಟೇ. ಕೋಕಾ ಬೆಳೆ ನಾಶಕ್ಕೆ ವಿಮಾನದಿಂದ ಗ್ಲೈಫೋಸೇಟ್ ಸುರಿಯುತ್ತಿದ್ದ ಕೊಲಂಬಿಯಾದಲ್ಲಿ, ಸಿಂಪಡಣೆಗೆ ಮುಂಚೆ, ಐದು ದಿನಗಳ ನಂತರ, ನಾಲ್ಕು ತಿಂಗಳ ನಂತರ ನಿವಾಸಿಗಳ ಬಿಳಿ ರಕ್ತಕಣಗಳಲ್ಲಿ ಕಿರುಕೇಂದ್ರಗಳನ್ನು ಎಣಿಸಿದ ಅಧ್ಯಯನ 2009ರಲ್ಲಿ ಬಂತು. ಸಿಂಪಡಣೆಯ ನಂತರ ಸಂಖ್ಯೆ ಏರಿತ್ತು. ಆದರೆ ಯಾರ ಮೈಗೆ ಎಷ್ಟು ತಾಗಿತ್ತು ಎಂಬುದಕ್ಕೆ ಅದು ಸರಿಯಾಗಿ ಹೊಂದಲಿಲ್ಲವಾದ್ದರಿಂದ ಅಪಾಯ ಕಡಿಮೆ ಎಂದು ಲೇಖಕರೇ ಬರೆದರು. ಅದೇ ಅಂಕಿಗಳನ್ನು ಕ್ಯಾನ್ಸರ್ ಸಂಸ್ಥೆ ಹಾನಿಯ ಪುರಾವೆಗಳ ಜೊತೆ ಸೇರಿಸಿತು.

ರಕ್ತಕ್ಕಿಂತ ಸುಲಭವಾದದ್ದು ಕೆನ್ನೆ. ಬಾಯಿ ಮುಕ್ಕಳಿಸಿ, ಕೆನ್ನೆಯ ಒಳಭಾಗವನ್ನು ಮೃದುವಾದ ಬ್ರಷ್‌ನಿಂದ ಉಜ್ಜಿದರೆ ಸಾವಿರಾರು ಕೋಶಗಳು ಸಿಗುತ್ತವೆ. ಸೂಜಿಯಿಲ್ಲ, ನೋವಿಲ್ಲ, ಹಳ್ಳಿಯ ಶಾಲೆಯ ಜಗಲಿಯಲ್ಲೂ ಮಾಡಬಹುದು. ನಮ್ಮ ಕಡೆ ಇದಕ್ಕೊಂದು ದೊಡ್ಡ ತೊಡಕಿದೆ. ತಂಬಾಕು ಬಿಡಿ, ತಂಬಾಕಿಲ್ಲದ ಎಲೆ ಅಡಿಕೆಯೂ ಕೆನ್ನೆಯ ಕೋಶಗಳಲ್ಲಿ ಕಿರುಕೇಂದ್ರಗಳನ್ನು ಹೆಚ್ಚಿಸುತ್ತದೆ. ಅದೇ ಕ್ಯಾನ್ಸರ್ ಸಂಸ್ಥೆ 2004ರಲ್ಲಿ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ದಿನವಿಡೀ ಔಷಧಿ ಹೊಡೆದು, ನಡುನಡುವೆ ಎಲೆ ಅಡಿಕೆ ಹಾಕುವ ಒಬ್ಬ ಕೂಲಿಕಾರನ ಕೆನ್ನೆಯಲ್ಲಿ ಹಾನಿ ಕಂಡರೆ ಅದು ಯಾವುದರಿಂದ? ಎಲೆ ಅಡಿಕೆ ಹಾಕದ ಪಟ್ಟಣದವನ ಜೊತೆ ಹೋಲಿಸಿದರೆ ಕಳೆನಾಶಕದ ಮೇಲೆ ಅನ್ಯಾಯವಾಗಿ ತಪ್ಪು ಹೊರಿಸಿದಂತೆ. ಎಲೆ ಅಡಿಕೆಯ ನೆಪ ಹೇಳಿ ಫಲಿತಾಂಶವನ್ನೇ ತಳ್ಳಿಹಾಕಿದರೆ ಕೂಲಿಕಾರನಿಗೆ ಅನ್ಯಾಯ.

ಒಂದು ದಾರಿಯಿದೆ. ಕೆನ್ನೆಯ ಒಳಪದರ ಕೆಲವೇ ವಾರಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಇಂದು ಉಜ್ಜಿ ತೆಗೆದ ಕೋಶಗಳು ತೋರಿಸುವುದು ಒಂದರಿಂದ ಮೂರು ವಾರಗಳ ಹಿಂದೆ ಆದ ಹಾನಿಯನ್ನು. ಹಾಗಾಗಿ ಅದೇ ವ್ಯಕ್ತಿಯ ಬಳಿಗೆ ಎರಡು ಬಾರಿ ಹೋಗಬೇಕು: ಸಿಂಪಡಣೆಯ ಕಾಲ ಶುರುವಾಗುವ ಮುಂಚೆ ಒಮ್ಮೆ, ಮುಗಿದು ಎರಡು ವಾರಕ್ಕೆ ಮತ್ತೊಮ್ಮೆ. ಅವನ ಎಲೆ ಅಡಿಕೆ ಎರಡೂ ಸಲ ಅಷ್ಟೇ ಇರುತ್ತದೆ, ವಯಸ್ಸು ಅದೇ, ಊಟ ಅದೇ. ಬೇಸಿಗೆಯಲ್ಲಿ ತೆಗೆದ ಅವನ ಕೆನ್ನೆಯ ಕೋಶಗಳೇ ಮಳೆಗಾಲದ ಅವನ ಕೆನ್ನೆಯ ಕೋಶಗಳಿಗೆ ಅಳತೆಗೋಲು.